ಕೆಂಪು ಸುತ್ತು ಹಾಕಿದ ಕೊಂಬೆ

ನಮ್ಮ ವೆಬ್‌ಸೈಟನ್ನು ಮಾಡಿದವಳು ನಾನೇ. ಒಂದು ಕಾಲದಲ್ಲಿ ಇದನ್ನು ಹೇಳಿಕೊಳ್ಳಲು ನನಗೆ ಬಹಳ ಜಂಬವಿತ್ತು. ಆಮೇಲೆ ಸ್ವಲ್ಪ ದಿನ ಯಾರಾದರೂ ಕೇಳಿದರೆ ಮಾತು ಬದಲಾಯಿಸುತ್ತಿದ್ದೆ. ಈಗ ಎರಡೂ ಇಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ನಮ್ಮ ಯಜಮಾನರು ಮರ ಹತ್ತುವವರು. ಮನೆಗಳ ಅಂಗಳದಲ್ಲಿರುವ ಮಾವು, ತೆಂಗು, ಬೇವು, ಹೊಂಗೆಗಳ ಒಣಕೊಂಬೆ ತೆಗೆಯುವುದು, ಕರೆಂಟ್ ತಂತಿಗೆ ತಾಗುವುದನ್ನು ಸವರುವುದು, ಹುಳು ಬಿದ್ದ ಮರಕ್ಕೆ ಔಷಧಿ ಹಚ್ಚುವುದು ಅವರ ಕಸುಬು. ಅವರ ತಂದೆಯೂ ಇದನ್ನೇ ಮಾಡುತ್ತಿದ್ದರು. ಕೆಳಗೆ ನಿಂತು ಹಗ್ಗ ಹಿಡಿಯುವವರು ಅವರ ಚಿಕ್ಕಪ್ಪ, ನನಗೆ ಚಿಕ್ಕಮಾವ. ಕುಂಬಾರಕೊಪ್ಪಲಿನ ನಮ್ಮ ಮನೆಯ ಮುಂದಿನ ಕೋಣೆಯೇ ಆಫೀಸು, ಅಲ್ಲಿ ಫೋನ್ ಎತ್ತುವವಳು, ಯಾವತ್ತು ಎಲ್ಲಿಗೆ ಹೋಗಬೇಕೆಂದು ಗೊತ್ತುಮಾಡುವವಳು, ಬೈಸಿಕೊಳ್ಳುವವಳು ಎಲ್ಲ ನಾನೇ.

ನಾನು ಮದುವೆಗೆ ಮುಂಚೆಯೂ ಆಮೇಲೂ ಡಿಟಿಪಿ ಅಂಗಡಿಯಲ್ಲಿ ಕೆಲಸ ಮಾಡಿದವಳು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಹುಟ್ಟುಹಬ್ಬದ ಫ್ಲೆಕ್ಸು ಇವುಗಳಲ್ಲೇ ಕೈ ಪಳಗಿತ್ತು. ಹಾಗಾಗಿ ವೆಬ್‌ಸೈಟನ್ನೂ ಒಂದು ಫ್ಲೆಕ್ಸ್ ಮಾಡಿದ ಹಾಗೆಯೇ ಮಾಡಿದೆ. ದೊಡ್ಡ ಮರದ ಫೋಟೋ, ಸುತ್ತ ಬಂಗಾರದ ಬಣ್ಣದ ಬಾರ್ಡರು, ನಮ್ಮ ಕೆಲಸಗಳ ಪಟ್ಟಿ, ಫೋನ್ ನಂಬರು, ಎಲ್ಲವನ್ನೂ ಚಿತ್ರದ ಒಳಗೇ ಬರೆದುಬಿಟ್ಟೆ. ಹಾಗೆ ಮಾಡಿದರೆ ಅಕ್ಷರ ಯಾವ ಫೋನಿನಲ್ಲೂ ಆಚೀಚೆ ಓಡುವುದಿಲ್ಲ, ನಾನು ಕೂರಿಸಿದ ಕಡೆಯೇ ಕೂತಿರುತ್ತದೆ. ನೋಡಿದವರು ಲಗ್ನಪತ್ರಿಕೆ ಇದ್ದ ಹಾಗಿದೆ ಎಂದರು. ನಾನು ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡೆ.

ನನಗೆ ಎಲ್ಲಕ್ಕಿಂತ ಹೆಮ್ಮೆಯಿದ್ದದ್ದು ಕೆಂಪು ಸುತ್ತಿನ ಬಗ್ಗೆ. ನಮ್ಮ ಮಾವನವರ ಕಾಲದಿಂದ ಒಂದು ಪದ್ಧತಿ ಇತ್ತು. ಮರ ಹತ್ತುವ ಮುಂಚೆ ಮನೆಯವರನ್ನು ಮರದ ಬುಡಕ್ಕೆ ಕರೆದು, ಯಾವ ಕೊಂಬೆ ಎಂದು ಅವರ ಬಾಯಿಂದಲೇ ಕೇಳಿ, ಇನ್ನೊಂದು ಸಲ ಕೇಳಿ, ಆಮೇಲೆ ಮಚ್ಚು ಎತ್ತುವುದು. ಇದಕ್ಕೆ ಬುಡದ ಮಾತು ಅನ್ನುತ್ತಿದ್ದರು. ಆದರೆ ಈಗಿನವರಿಗೆ ಪುರುಸೊತ್ತೆಲ್ಲಿ? ಅರ್ಧ ಜನ ಆಫೀಸಿನಲ್ಲಿರುತ್ತಾರೆ, ಇನ್ನರ್ಧ ಜನ ಕೈ ತೋರಿಸಿ ಅದು ಅಂದು, ಕಡಿದಾದ ಮೇಲೆ ನಾನು ಹೇಳಿದ್ದು ಅದಲ್ಲ ಅನ್ನುತ್ತಾರೆ. ಅದಕ್ಕೆ ನಾನೊಂದು ಉಪಾಯ ಮಾಡಿದೆ. ಗಿರಾಕಿಗಳು ಮರದ ಫೋಟೋ ತೆಗೆದು ವೆಬ್‌ಸೈಟಿಗೆ ಹಾಕಬೇಕು, ಬೇಡವಾದ ಕೊಂಬೆಗೆ ಬೆರಳಿನಿಂದ ಕೆಂಪು ಸುತ್ತು ಎಳೆಯಬೇಕು. ಆ ಫೋಟೋ ನಮ್ಮವರ ಫೋನಿಗೆ ಬರುತ್ತದೆ, ಅವರು ಸುತ್ತು ನೋಡಿ ಕಡಿದು ಬರುತ್ತಾರೆ. ಜಗಳ ನಿಂತುಹೋಯಿತು, ಬುಡದ ಮಾತೂ ನಿಂತುಹೋಯಿತು. ನಿಲ್ಲಿಸಿದವಳು ನಾನು.

ಮಾವು ಮಿಡಿ ಕಟ್ಟುವ ಕಾಲದಲ್ಲಿ ಒಂದು ಬೆಳಿಗ್ಗೆ ಲಕ್ಷ್ಮೀಪುರಂನಿಂದ ಒಬ್ಬ ಹೆಂಗಸು ಫೋನ್ ಮಾಡಿದರು. ಅಡಿಗೆಮನೆಯ ಶೀಟಿನ ಮೇಲೆ ಒಣಗಿದ ಕೊಂಬೆಯೊಂದು ಬಾಗಿದೆ, ಗಾಳಿ ಬಂದರೆ ಬಡಿಯುತ್ತದೆ, ಮಳೆಗಾಲಕ್ಕೆ ಮುಂಚೆ ತೆಗೆಸಬೇಕು ಅಂದರು. ನಾನು ಎಂದಿನಂತೆ ವೆಬ್‌ಸೈಟಿನಲ್ಲಿ ಫೋಟೋ ಹಾಕಿ ಅಂದೆ. "ನನಗೆ ಕಣ್ಣು ಕಾಣಲ್ಲಮ್ಮ. ನಿಮ್ಮ ಸೈಟ್ ನನ್ನ ಫೋನಿಗೆ ಏನೂ ಹೇಳ್ತಿಲ್ಲ," ಅಂದರು. ಒಲೆಯ ಮೇಲೆ ಹಾಲಿತ್ತು, ಇನ್ನೊಂದು ಫೋನ್ ಹೊಡೆದುಕೊಳ್ಳುತ್ತಿತ್ತು. "ಪಕ್ಕದ ಮನೆಯವರ ಕೈಲಿ ಮಾಡಿಸ್ಬುಡಿ ಮೇಡಂ, ಎರಡು ನಿಮಿಷದ ಕೆಲಸ," ಅಂದು ಇಟ್ಟುಬಿಟ್ಟೆ. ಮರುಕ್ಷಣದಲ್ಲೇ ಮರೆತೂಬಿಟ್ಟೆ.

ಅವರು ನಾನು ಹೇಳಿದ ಹಾಗೆಯೇ ಮಾಡಿದರು. ಎರಡು ದಿನದ ನಂತರ ಫೋಟೋ ಬಂತು, ಕೆಂಪು ಸುತ್ತು ಬಂತು, ದಿನ ಗೊತ್ತಾಯಿತು, ನಮ್ಮವರು ಹೋದರು. ಆ ಸಂಜೆ ಅವರು ಮನೆಗೆ ಬಂದವರೇ ಕಾಫಿ ಕೂಡ ಮುಟ್ಟದೆ ಜಗಲಿಯ ಮೇಲೆ ಕೂತರು.

"ತಪ್ಪು ಕೊಂಬೆ ಕಡ್ದ್ಬುಟ್ಟೆ ಕಣೆ," ಅಂದರು.

ಸುತ್ತು ಸರಿಯಾಗಿತ್ತಲ್ಲ ಅಂದೆ. ಸುತ್ತು ಸರಿಯಾಗಿಯೇ ಇತ್ತು, ಅದರಲ್ಲಿ ಅನುಮಾನವಿರಲಿಲ್ಲ. ಆದರೆ ಅದು ಸುತ್ತಿದ್ದುದು ಅಡಿಗೆಮನೆಯ ಮೇಲಿನ ಒಣಕೊಂಬೆಯನ್ನಲ್ಲ, ಹಿತ್ತಲಿನ ಮೆಟ್ಟಿಲ ಮೇಲಿಂದ ಕಾಂಪೌಂಡ್ ದಾಟಿ ಪಕ್ಕದ ಮನೆಯ ಕಡೆ ಚಾಚಿದ್ದ ಹಸಿ ಕೊಂಬೆಯನ್ನು. ತುಂಬ ಕೆಳಗಿದ್ದ ಕೊಂಬೆ, ಮೈತುಂಬ ಮಿಡಿ. ನಮ್ಮವರಿಗೂ ಒಂದು ಕ್ಷಣ ಯಾಕೋ ಅನ್ನಿಸಿದೆ. ಆದರೆ ಫೋಟೋದಲ್ಲಿ ಸುತ್ತಿದೆ, ಮನೆಯವರಿಗೆ ಏನೋ ತೊಂದರೆಯಿರಬೇಕು ಎಂದುಕೊಂಡು ಗರಗಸದ ಮಿಷನ್ ಶುರುಮಾಡಿದ್ದಾರೆ. ಒಳಗಿದ್ದ ಆಕೆ ಶಬ್ದ ಬೇರೆ ಕಡೆಯಿಂದ ಬರುತ್ತಿದೆ ಎಂದು ಗೋಡೆ ಹಿಡಿದುಕೊಂಡು ಹೊರಗೆ ಬಂದು ನಿಲ್ಲಿಸಿ ನಿಲ್ಲಿಸಿ ಎಂದು ಕೂಗಿದ್ದಾರೆ. ಮಿಷನ್ ಸದ್ದಿಗೆ ಯಾರಿಗೂ ಕೇಳಿಲ್ಲ. ಕೊಂಬೆ ಬಿದ್ದ ಮೇಲೆ ಆಕೆ ಬಗ್ಗಿ ತಡಕಾಡಿ ಅದರ ತುದಿಯನ್ನು ಕೈಗೆ ತೆಗೆದುಕೊಂಡು, ಇದನ್ನು ಕಡಿಯೋಕೆ ಯಾರು ಹೇಳಿದ್ರು ಎಂದು ಕೇಳಿದ್ದಾರೆ.

"ಫೋಟೋದಲ್ಲಿ ಸುತ್ತು ಹಾಕಿದೀರಲ್ಲ ಅಮ್ಮ, ನೋಡಿ ಅಂತ ಫೋನ್ ಅವ್ರ ಮುಖದ್ಮುಂದೆ ಹಿಡ್ದೆ," ಅಂದರು ನಮ್ಮವರು. "ಹಿಡ್ದ್ಮೇಲೆ ಗೊತ್ತಾಯ್ತು, ಅವ್ರಿಗೆ ಕಣ್ಣಿಲ್ಲ ಅಂತ."

ಮಾರನೆಯ ದಿನ ನಾನೊಬ್ಬಳೇ ಲಕ್ಷ್ಮೀಪುರಂಗೆ ಹೋದೆ. ದಾರಿಯುದ್ದಕ್ಕೂ ಆ ಸುತ್ತು ಎಳೆದ ಪಕ್ಕದ ಮನೆಯವನಿಗೆ ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ನನ್ನ ಬಾಯಿ ಸ್ವಲ್ಪ ಜೋರು, ಅದು ನಮ್ಮ ಬೀದಿಗೆಲ್ಲ ಗೊತ್ತು. ಹಳೆಯ ಹೆಂಚಿನ ಮನೆ, ಹಿಂದೆ ಶೀಟ್ ಹಾಕಿದ ಅಡಿಗೆಮನೆ, ಪಕ್ಕದಲ್ಲಿ ಮಾವಿನ ಮರ. ಕಾಂಪೌಂಡಿನ ಆಚೆ ಹೊಸ ಬಿಳಿ ಕಾರು ನಿಂತಿತ್ತು. ಅದರ ಮೇಲೆ ಒಂದು ಎಲೆಯೂ ಇರಲಿಲ್ಲ. ನೋಡಿ ಮೈಯೆಲ್ಲ ಉರಿದುಹೋಯಿತು.

ಗೇಟಿನಲ್ಲಿ ನಿಂತು, "ಅಮ್ಮ, ಮರದ ಕೆಲಸದವರ ಮನೆಯಿಂದ ಬಂದಿದೀನಿ," ಅಂದೆ. ಬಾಗಿಲಿಗೆ ಬಂದ ಹೆಂಗಸು ಅರವತ್ತರ ಆಸುಪಾಸಿನವರು, ಇಸ್ತ್ರಿ ಮಾಡಿದ ಹತ್ತಿ ಸೀರೆ, ನೆಟ್ಟಗೆ ನಿಂತಿದ್ದರು. "ಪಕ್ಕದ ಮನೆಯವರ ಕೈಲಿ ಮಾಡಿಸಿ ಅಂದವರು ನೀವೇ ಅಲ್ವಾ?" ಅಂದರು.

ಹೂಂ ಅಂದೆ. ಅವರಾಡಿದ್ದು ಒಂದೇ ಮಾತು, ಅದೂ ಬೈಗುಳವಲ್ಲ. ದಾರಿಯಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ನನ್ನ ಮೇಲೇ ಬಿದ್ದವು.

ಒಳಗೆ ಕರೆದು ಕೂರಿಸಿದರು. ಬ್ಯಾಂಕಿನಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದು ಈಚೆಗೆ ನಿವೃತ್ತರಾದವರಂತೆ. ಒಬ್ಬರೇ ಇರುತ್ತಾರೆ, ಅದು ಅವರಿಗೆ ಇಷ್ಟ. ಕಡಿದ ಕೊಂಬೆಯ ಬಗ್ಗೆ ಹೆಚ್ಚು ಹೇಳಲಿಲ್ಲ. ಹಿತ್ತಲಿನ ಮೂರನೆಯ ಮೆಟ್ಟಿಲ ಮೇಲೆ ನಿಂತು ಕೈ ಎತ್ತಿದರೆ ಆ ಕೊಂಬೆಯ ಕಾಯಿ ಕೈಗೆ ಸಿಗುತ್ತಿತ್ತು, ಚಿಕ್ಕಂದಿನಿಂದಲೂ ಉಪ್ಪಿನಕಾಯಿಗೆ ಅಲ್ಲಿಂದ ಅವರೇ ಕೀಳುತ್ತಿದ್ದರು, ಯಾರನ್ನೂ ಕರೆಯುತ್ತಿರಲಿಲ್ಲ, ಅಷ್ಟು ಮಾತ್ರ ಹೇಳಿದರು. ಪಕ್ಕದವರು ಏನಂದರು ಎಂದು ಕೇಳಿದೆ. ಒಣಗಿದ್ದು ಯಾವುದೋ ನನಗೇನು ಗೊತ್ತು, ಕೈಗೆ ಹತ್ತಿರ ಇದ್ದದ್ದಕ್ಕೆ ಸುತ್ತು ಹಾಕಿದೆ ಅಂದರಂತೆ.

"ಈಗ ಹೊಸ ರಾಗ ತೆಗೆದಿದಾರೆ," ಅಂದರು ಆಕೆ. "ಒಂದು ಕೊಂಬೆ ಹೋದ್ಮೇಲೆ ಮರ ಅವರ ಕಡೆಗೆ ವಾಲಿದೆಯಂತೆ, ಪೂರ್ತಿ ತೆಗೆಸಿಬಿಡಿ, ಪರ್ಮಿಷನ್ ನಾನೇ ಓಡಾಡಿ ಕೊಡಿಸ್ತೀನಿ ಅಂತಾರೆ. ವಾಲಿದೆಯೋ ಇಲ್ವೋ ನನಗೆ ಹ್ಯಾಗೆ ಗೊತ್ತಾಗಬೇಕು? ನನ್ನ ಮರದ ಸುದ್ದಿ ನಾನು ಅವರ ಬಾಯಿಂದ ಕೇಳಬೇಕಾಗಿದೆ."

ನಾನು ಕೂಡಲೇ ಅಂದೆ, ಇನ್ಮೇಲೆ ನೀವು ಫೋಟೋ ಗೀಟೋ ಏನೂ ಹಾಕಬೇಡಿ, ನನಗೊಂದು ಫೋನ್ ಮಾಡಿ ಸಾಕು, ನಿಮ್ಮದೆಲ್ಲ ನಾನೇ ಬರೆದುಕೊಳ್ಳುತ್ತೇನೆ. ಬಹಳ ದೊಡ್ಡ ಮನಸ್ಸು ಮಾಡಿದವಳ ಹಾಗೆ ಅಂದೆ.

ಅವರು ನಕ್ಕರು. "ಬೇರೆಯವರು ಅವರಿಗೆ ಬೇಕಾದಾಗ ಕೂತು ಬುಕ್ ಮಾಡ್ತಾರೆ. ನಾನು ಮಾತ್ರ ನಿಮಗೆ ಪುರುಸೊತ್ತಾಗೋದನ್ನ ಕಾಯಬೇಕಾ? ಮೊನ್ನೆ ಫೋನ್ ಮಾಡಿದಾಗ ನಿಮಗೆ ಪುರುಸೊತ್ತಿತ್ತಾ?" ಆಮೇಲೆ ತಮ್ಮ ಫೋನ್ ತೆಗೆದರು. ಬೆರಳು ಇಟ್ಟ ಕಡೆ ಏನಿದೆಯೋ ಅದನ್ನು ಫೋನ್ ಓದಿ ಹೇಳುತ್ತದೆ, ಎರಡು ಸಲ ತಟ್ಟಿದರೆ ಒಳಗೆ ಹೋಗುತ್ತದೆ. ಸುದ್ದಿ, ಬ್ಯಾಂಕು, ಗ್ಯಾಸು ಎಲ್ಲವನ್ನೂ ಅವರು ಹಾಗೆಯೇ ನಡೆಸುತ್ತಾರೆ. ನನ್ನ ವೆಬ್‌ಸೈಟ್ ತೆರೆದು ಫೋನನ್ನು ನನ್ನ ಕೈಗೆ ಕೊಟ್ಟರು. "ಕಣ್ಣು ಮುಚ್ಚಿಕೊಂಡು ಕೇಳಿ."

ಚಿತ್ರ, ಅಂದಿತು ಫೋನ್. ಬೆರಳು ಸರಿಸಿದೆ. ಚಿತ್ರ. ಚಿತ್ರ. ಹೆಸರಿಲ್ಲದ ಬಟನ್. ಚಿತ್ರ. ಹೆಸರಿಲ್ಲದ ಬಟನ್. ನಮ್ಮ ಕೆಲಸಗಳ ಪಟ್ಟಿಯಾಗಲಿ, ಫೋನ್ ನಂಬರಾಗಲಿ, ನಾನು ಅಷ್ಟು ಮುತುವರ್ಜಿಯಿಂದ ಕೂರಿಸಿದ ಒಂದಕ್ಷರವಾಗಲಿ ಅಲ್ಲಿರಲಿಲ್ಲ. ಬಂಗಾರದ ಬಾರ್ಡರಿನ ಒಂದೊಂದು ತುಂಡಿಗೂ ಅದು ಚಿತ್ರ ಅನ್ನುತ್ತಿತ್ತು. ನಂಬರನ್ನು ಎಲ್ಲಿಂದ ಹುಡುಕಿದಿರಿ ಎಂದು ಕೇಳಿದೆ. ಪರಿಚಯದವರಿಂದ ಕೇಳಿ ಪಡೆದೆ ಅಂದರು. ಕಣ್ಣು ತೆರೆದಾಗ ನನಗೆ ಅಳು ಬಂದಿತ್ತು, ಸಿಟ್ಟೂ ಬಂದಿತ್ತು, ಯಾರ ಮೇಲೆಂದು ಹೇಳಬೇಕಾಗಿಲ್ಲ.

"ಮಳೆ ಹಿಡಿಯೋಕೆ ಮುಂಚೆ ನೀವೇ ಇದರಲ್ಲಿ ಬುಕ್ ಮಾಡ್ತೀರಿ," ಅಂದೆ. "ಯಾರ ಕೈಲೂ ಮಾಡಿಸೋದು ಬೇಡ. ಅಲ್ಲೀತನಕ ಆ ಮರಕ್ಕೆ ಯಾರೂ ಮಿಷನ್ ಹಚ್ಚಲ್ಲ."

"ನೋಡೋಣ," ಅಂದರು. ನಂಬಿದ ಧ್ವನಿಯಾಗಿರಲಿಲ್ಲ.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಕೆಂಪು ಸುತ್ತು ತೆಗೆಯುತ್ತೇನೆ ಅಂದದ್ದೇ ತಡ, ಅವರು ಅನ್ನದ ತಟ್ಟೆ ಬಿಟ್ಟು ತಲೆ ಎತ್ತಿದರು. "ಒಬ್ರಿಗೋಸ್ಕರ ಎಲ್ಲ ಬದ್ಲಾಯಿಸ್ತೀಯಾ? ಸುತ್ತು ಬಂದ್ಮೇಲೆ ಜಗಳ ನಿಂತಿತ್ತು. ಬಾಯ್ಮಾತಲ್ಲಿ ಹೇಳಿದ್ರೆ ಮತ್ತೆ ಅದೇ ರಗಳೆ."

"ಸುತ್ತು ಸುಳ್ಳು ಹೇಳಲ್ಲ ಅಂತ ನಂಬಿ ತಾನೇ ನೀವು ಆ ಕೊಂಬೆ ಕಡಿದದ್ದು?" ಅಂದೆ.

ಅದು ಚುಚ್ಚಿತು. ಎರಡು ದಿನ ಅವರು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ನಾನೂ ಸೋಲಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ನಾನು ಪಟ್ಟು ಹಿಡಿದರೆ ಬಿಡುವುದಿಲ್ಲ ಎಂದು ಅವರಿಗೆ ಗೊತ್ತು, ಅವರು ಸುಮ್ಮನಿದ್ದಷ್ಟೂ ನನಗೆ ಬಲ ಹೆಚ್ಚು ಎಂದು ನನಗೆ ಗೊತ್ತು.

ಕೆಲಸ ನಾನು ಅಂದುಕೊಂಡಿದ್ದಕ್ಕಿಂತ ಬಹಳ ಇತ್ತು. ಚಿತ್ರದೊಳಗಿನ ಅಕ್ಷರವನ್ನೆಲ್ಲ ಹೊರಗೆ ತೆಗೆದು ಅಕ್ಷರವಾಗಿಯೇ ಬರೆದೆ. ಬಾರ್ಡರ್ ಕಿತ್ತುಹಾಕುವಾಗ ನಿಜಕ್ಕೂ ಹೊಟ್ಟೆ ಉರಿಯಿತು. ಒಂದೊಂದು ಬಟನ್ನಿಗೂ ಹೆಸರು ಕೊಟ್ಟೆ. ದಿನ ಆರಿಸುವ ಕ್ಯಾಲೆಂಡರಿನಲ್ಲಿ ಖಾಲಿಯಿದ್ದ ದಿನಕ್ಕೆ ಹಸಿರು, ಭರ್ತಿಯಾದ ದಿನಕ್ಕೆ ಕೆಂಪು ಬಳಿದಿದ್ದೆ, ಕಾಣದವರಿಗೆ ಎರಡೂ ಒಂದೇ. ಅದನ್ನು ತೆಗೆದು ಖಾಲಿ ಇದೆ, ಭರ್ತಿಯಾಗಿದೆ ಎಂದು ಬರೆದೆ. ಚಿಕ್ಕಮಾವ ಅದನ್ನು ನೋಡಿ, "ಅದು ಕೆಂಪು ಬೇರೆ ಹಸಿರು ಬೇರೆ ಆಗಿತ್ತಾ? ನಂಗೆ ಯಾವಾಗ್ಲೂ ಒಂದೇ ಥರ ಕಾಣೋದು," ಅಂದರು. ಇಷ್ಟು ವರ್ಷ ಅವರು ಅದನ್ನು ಯಾರಿಗೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಪ್ರತಿ ಮಧ್ಯಾಹ್ನ ಮೂರು ಗಂಟೆಗೆ ಲಕ್ಷ್ಮೀಪುರಂಗೆ ಫೋನ್ ಮಾಡುತ್ತಿದ್ದೆ. ಆಕೆ ಆವತ್ತಿನ ಬದಲಾವಣೆಯನ್ನು ಕೇಳಿ ನೋಡಿ ತೀರ್ಪು ಕೊಡುತ್ತಿದ್ದರು. ಎಳ್ಳಷ್ಟೂ ದಾಕ್ಷಿಣ್ಯವಿರಲಿಲ್ಲ. ಫೋಟೋಗಳಿಗೆಲ್ಲ ನಾನು ಮಾತಿನಲ್ಲಿ ವಿವರ ಬರೆದಿದ್ದೆ, ಮೊದಲನೆಯದಕ್ಕೆ ಮರದ ಚಿತ್ರ ಎಂದು, ಎರಡನೆಯದಕ್ಕೆ ಇನ್ನೊಂದು ಮರದ ಚಿತ್ರ ಎಂದು.

"ಮರದ ಚಿತ್ರ ಅಂತೆ," ಅಂದರು ಆಕೆ. "ಮರದ ಕೆಲಸದವರ ಹತ್ತಿರ ಮರದ ಚಿತ್ರ ಇಲ್ದೆ ಬಸ್ಸಿನ ಚಿತ್ರ ಇರುತ್ತಾ? ಯಾವ ಮರ, ಏನಾಗಿತ್ತು ಅದಕ್ಕೆ, ನೀವೇನು ಮಾಡಿದ್ರಿ, ಅದನ್ನ ಹೇಳಿ."

ಹೇಳಲು ಕೂತೆ. ಬರಲಿಲ್ಲ. ಇದಕ್ಕಿಂತ ಕಷ್ಟವಾದದ್ದು ಫಾರಂ. ಕೆಂಪು ಸುತ್ತಿಲ್ಲದೆ, ಬೆರಳು ತೋರಿಸದೆ, ಒಂದು ಮರದ ನೂರು ಕೊಂಬೆಗಳಲ್ಲಿ ಇದೇ ಎಂದು ಮಾತಿನಲ್ಲಿ ಹೇಳಿಸುವುದು ಹೇಗೆ? ಯಾವ ಕೊಂಬೆ ಎಂದು ಬರೆಯಿರಿ ಅಂತ ಒಂದು ಖಾಲಿ ಜಾಗ ಬಿಟ್ಟೆ. ಪ್ರಯತ್ನಕ್ಕೆಂದು ನಮ್ಮ ಹಳೆಯ ಗಿರಾಕಿಗಳಿಬ್ಬರಿಗೆ ಕೊಟ್ಟೆ. ಕಣ್ಣು ಚೆನ್ನಾಗಿಯೇ ಕಾಣುವ ಆ ಇಬ್ಬರಲ್ಲಿ ಒಬ್ಬರು ದೊಡ್ಡದು ಎಂದು ಬರೆದರು, ಇನ್ನೊಬ್ಬರು ಆ ಕಡೆಯದು ಎಂದು ಬರೆದರು. ನಮ್ಮವರು ಅದನ್ನು ಓದಿ ನನ್ನ ಮುಖ ನೋಡಿದರು.

ಆ ವಾರ ಅಶೋಕಪುರಂನಲ್ಲಿ ಒಂದು ದೊಡ್ಡ ಬೇವಿನ ಮರದ ಕೆಲಸವಿತ್ತು. ಊಟದ ಡಬ್ಬಿ ಮರೆತು ಹೋಗಿದ್ದರೆಂದು ನಾನೇ ತೆಗೆದುಕೊಂಡು ಹೋದೆ. ನಮ್ಮವರು ಮೇಲೆ ಎಲೆಯ ಒಳಗೆ ಎಲ್ಲೋ ಇದ್ದರು, ನನಗೆ ಅವರ ಕಾಲೂ ಕಾಣುತ್ತಿರಲಿಲ್ಲ. ಅವರಿಗೂ ಕೆಳಗಿನದು ಕಾಣುವುದಿಲ್ಲ, ಕೊಂಬೆಯ ತುದಿ ಎಲ್ಲಿಗೆ ಹೋಗಿದೆ ಎಂದು ಗೊತ್ತಾಗುವುದಿಲ್ಲ. ಅದನ್ನು ಹೇಳುವುದು ಕೆಳಗೆ ನಿಂತ ಚಿಕ್ಕಮಾವನ ಕೆಲಸ.

"ನೀನು ಕುಂತಿರೋ ಕವಲಿಂದ ಎಡಗೈಗೆ ಬಾ," ಎಂದು ಚಿಕ್ಕಮಾವ ಕೂಗುತ್ತಿದ್ದರು. "ಅದ್ಕಿಂತ ಒಂದಾಳು ಮ್ಯಾಲೆ ಇನ್ನೊಂದು ಹೊರಟೈತೆ. ತೊಡೆ ದಪ್ಪ. ತಾರಸಿ ಕಡೆ ಹೋಗೈತೆ. ತುದೀಲಿ ಎಲೆ ಇಲ್ಲ. ಅದೇ."

"ಇದಾ?" ಎಂದು ಮೇಲಿನಿಂದ ಕೇಳಿಸಿತು, ಜೊತೆಗೆ ಕೊಂಬೆಗೆ ಮಚ್ಚಿನ ಹಿಡಿಯಿಂದ ಎರಡು ಸಲ ತಟ್ಟಿದ ಸದ್ದು.

"ಅದಲ್ಲ, ಅದ್ರ ಹಿಂದಿನ್ದು. ಆಂ, ಅದು."

ನಾನು ಡಬ್ಬಿ ಹಿಡಿದು ಅಲ್ಲೇ ನಿಂತುಬಿಟ್ಟೆ. ಈ ಕೂಗನ್ನು ನಾನು ಮದುವೆಯಾದ ವರ್ಷದಿಂದ ಕೇಳುತ್ತಿದ್ದೇನೆ. ಇಬ್ಬರು ಗಂಡಸರು ಯಾಕಿಷ್ಟು ಅರಚಾಡುತ್ತಾರೆ ಎಂದಷ್ಟೇ ಅಂದುಕೊಂಡಿದ್ದೆ. ಕಾಣದವನಿಗೆ ಕೊಂಬೆ ಹೇಳುವ ವಿದ್ಯೆ ನಮ್ಮ ಮನೆಯಲ್ಲೇ ಇತ್ತು, ನಾನು ಎಲ್ಲೆಲ್ಲೋ ಹುಡುಕುತ್ತಿದ್ದೆ.

ಊಟದ ಹೊತ್ತಿನಲ್ಲಿ ಚಿಕ್ಕಮಾವನನ್ನು ಕೂರಿಸಿಕೊಂಡು ಕೇಳಿದೆ, ಒಂದು ಕೊಂಬೆ ಹೇಳಬೇಕಾದರೆ ಮೊದಲು ಏನು ಹೇಳುತ್ತೀರಿ, ಆಮೇಲೆ ಏನು? ಅವರಿಗೆ ನಗು ಬಂತು. "ಅದ್ರಲ್ಲೇನಮ್ಮ ಇದೆ? ಎಲ್ಲಿಂದ ಹೊರಟೈತೆ, ಎತ್ತಗೆ ಹೋಗೈತೆ, ಎಷ್ಟೆತ್ತರ, ಎಷ್ಟು ದಪ್ಪ, ಏನಾಗೈತೆ. ಇಷ್ಟು ಹೇಳಿದ್ರೆ ಎಂಥೋನ್ಗೂ ಸಿಕ್ತದೆ." ಡಬ್ಬಿಗೆ ಸುತ್ತಿದ್ದ ಪೇಪರಿನ ಅಂಚಿನಲ್ಲೇ ಬರೆದುಕೊಂಡೆ.

ಅದೇ ಫಾರಂ ಆಯಿತು. ಮರ ಮನೆಯ ಯಾವ ಕಡೆ ಇದೆ, ಕೊಂಬೆ ಯಾವುದರ ಕಡೆಗೆ ಚಾಚಿದೆ, ಎತ್ತರ ಎಷ್ಟು: ಕೈಗೆ ಸಿಗುವಷ್ಟು, ಸೂರಿನಷ್ಟು, ಮಹಡಿಯಷ್ಟು, ಅದಕ್ಕೂ ಮೇಲೆ. ದಪ್ಪ ಎಷ್ಟು: ಮಣಿಕಟ್ಟಿನಷ್ಟು, ತೊಡೆಯಷ್ಟು, ಅದಕ್ಕಿಂತ ಹೆಚ್ಚು. ಏನಾಗಿದೆ. ಫೋಟೋ ಬೇಕಾದವರು ಹಾಕಬಹುದು, ಇಲ್ಲದಿದ್ದರೂ ಫಾರಂ ಮುಂದೆ ಹೋಗುತ್ತದೆ. ಆಮೇಲೆ ನಾನೊಂದು ಪ್ರಶ್ನೆ ಸೇರಿಸಿದೆ: ಈ ಫಾರಂ ತುಂಬುತ್ತಿರುವವರು ಯಾರು, ಮರದ ಮನೆಯವರೇ, ಬೇರೆಯವರೇ? ಬೇರೆಯವರು ಎಂದರೆ ನಾವು ಮನೆಯವರಿಗೆ ಫೋನ್ ಮಾಡಿ ಕೇಳುವವರೆಗೆ ಕೆಲಸದ ದಿನ ಗೊತ್ತುಮಾಡುವುದಿಲ್ಲ. ಯಾರು ತುಂಬಿದರೂ ಸರಿ, ಮರ ಹತ್ತುವ ಮುಂಚೆ ಬುಡದ ಮಾತು ಮತ್ತೆ ನಡೆಯಬೇಕು. ಈ ಕೊನೆಯದನ್ನು ಹೇಳಿದಾಗ ಯಜಮಾನರು, "ಅದು ನಮ್ಮಪ್ಪನ ಕಾಲದ್ದೇ. ನೀನು ಹೊಸದಾಗಿ ಕಂಡುಹಿಡಿದವಳ ಥರ ಹೇಳ್ಬೇಡ," ಅಂದರು. ಅಲ್ಲಿಗೆ ಉಳಿದಿದ್ದ ಮುನಿಸೂ ಮುಗಿಯಿತು.

ಲಕ್ಷ್ಮೀಪುರಂನ ಪರೀಕ್ಷೆ ಇನ್ನೂ ಮುಗಿದಿರಲಿಲ್ಲ. ಕಳಿಸು ಎಂಬ ಬಟನ್ ಒತ್ತಿದ ಮೇಲೆ ತೆರೆಯ ಮೂಲೆಯಲ್ಲಿ ಸಣ್ಣದೊಂದು ಹಸಿರು ಗುರುತು ಬರುವ ಹಾಗೆ ಮಾಡಿದ್ದೆ. "ಹೋಯ್ತೋ ಇಲ್ವೋ ಹೇಳೋರ್ಯಾರು?" ಅಂದರು ಆಕೆ. ಅದನ್ನೂ ಮಾತಾಗಿಸಿದೆ. ಇನ್ನೊಂದು ದಿನ, ಒಂದು ತಪ್ಪಾದರೆ ತುಂಬಿದ್ದೆಲ್ಲ ಅಳಿಸಿಹೋಗುತ್ತದೆ ಅಂದರು. ಅದನ್ನು ಸರಿಮಾಡಲು ನನಗೆ ನಾಲ್ಕು ದಿನ ಹಿಡಿಯಿತು, ಬೈದುಕೊಂಡೇ ಸರಿಮಾಡಿದೆ. ಅಷ್ಟರಲ್ಲಿ ಮಧ್ಯಾಹ್ನದ ಮೋಡ ಕಟ್ಟಲು ಶುರುವಾಗಿತ್ತು. ಪಕ್ಕದ ಮನೆಯವರು ಮತ್ತೆರಡು ಸಲ ಬಂದು ಮರ ವಾಲುತ್ತಿದೆ ಎಂದು ಹೇಳಿ ಹೋಗಿದ್ದರು.

ಒಂದು ಬೆಳಿಗ್ಗೆ ನಾನು ರೊಟ್ಟಿ ತಟ್ಟುತ್ತಿದ್ದಾಗ ಫೋನಿಗೆ ಬುಕಿಂಗ್ ಬಂತು. ಹಿಟ್ಟಿನ ಕೈಯಲ್ಲೇ ತೆರೆದೆ. ಮಾವಿನ ಮರ, ಮನೆಯ ಹಿಂದೆ. ಅಡಿಗೆಮನೆಯ ಶೀಟಿನ ಮೇಲೆ ಚಾಚಿದ ಕೊಂಬೆ, ಸೂರಿಗಿಂತ ಸ್ವಲ್ಪ ಮೇಲೆ, ಮಣಿಕಟ್ಟಿನಷ್ಟು ದಪ್ಪ, ಒಣಗಿದೆ, ಗಾಳಿಗೆ ಬಡಿಯುತ್ತದೆ. ಫಾರಂ ತುಂಬಿದವರು: ಮರದ ಮನೆಯವರೇ. ಅಡಿಗೆಮನೆಯಲ್ಲಿ ಒಬ್ಬಳೇ ಇದ್ದೆ, ಆದರೂ ಬಂತು ನೋಡಿ ಎಂದು ಗಟ್ಟಿಯಾಗಿ ಹೇಳಿದೆ. ಹೆಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

ಕೆಲಸದ ದಿನ ನಾನೂ ನಮ್ಮವರ ಜೊತೆ ಹೋದೆ. ಬುಡದ ಮಾತು ನಡೆಯಿತು. ನಮ್ಮವರು ಎರಡು ಸಲ ಕೇಳಿದರು, ಆಕೆ ಎರಡು ಸಲವೂ ಹೇಳಿದರು. ಒಣಕೊಂಬೆಗೆ ಹಗ್ಗ ಕಟ್ಟಿ, ಶೀಟಿಗೆ ಒಂದು ಗೀರೂ ಬೀಳದ ಹಾಗೆ ಕೆಳಗಿಳಿಸಿದರು. ಆಗಲೇ ಪಕ್ಕದ ಮನೆಯವರು ಕಾಂಪೌಂಡಿಗೆ ಬಂದು ನಿಂತರು. ಆಕೆ ಮರದ ಕೆಳಗೇ ಇದ್ದರೂ ಅವರು ಮಾತಾಡಿದ್ದು ಮೇಲಿದ್ದ ನಮ್ಮವರ ಜೊತೆ.

"ಹೆಂಗೂ ಬಂದಿದೀರಲ್ಲ, ನೋಡಿ, ಮರ ನಮ್ಮ ಕಡೆ ವಾಲಿದೆ. ಪೂರ್ತಿ ತೆಗೆಯೋದೇ ಒಳ್ಳೇದು. ಅವ್ರಿಗೆ ನೀವೇ ಸ್ವಲ್ಪ ಹೇಳಿ."

ಬೈಗುಳ ನನ್ನ ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಮೇಲಿನಿಂದ ನಮ್ಮವರು, "ಸಾರ್, ಮರದ ಮನೆಯವ್ರು ಕೆಳಗೆ ನಿಂತವ್ರೆ. ಅವ್ರನ್ನ ಕೇಳಿ," ಅಂದರು. ಮದುವೆಯಾದ ಮೇಲೆ ಆ ಮನುಷ್ಯನ ಮೇಲೆ ನನಗೆ ಅಷ್ಟು ಪ್ರೀತಿ ಬಂದ ದಿನಗಳು ಕಡಿಮೆ.

ಆಕೆ ಪಕ್ಕದವರ ಕಡೆ ತಿರುಗಲೂ ಇಲ್ಲ. "ನೀವು ಹೇಳಿ," ಎಂದು ಮೇಲಕ್ಕೆ ಕೇಳಿದರು. "ವಾಲಿದೆಯಾ?"

ನಮ್ಮವರು ಹಗ್ಗದ ಮೇಲೆ ಒಂದು ಸುತ್ತು ಬಂದು ನೋಡಿದರು. "ಬುಡ ನೆಟ್ಟಗೈತೆ ಅಮ್ಮ. ಸಾರ್ ಕಡೆ ವಾಲಿಲ್ಲ. ಆ ಕಡೆ ಭಾರಾನೇ ಇಲ್ಲ, ಅದನ್ನ ನಾವೇ ತೆಗೆದ್ಬುಟ್ಟಿದೀವಲ್ಲ. ಈಗ ಭಾರ ಎಲ್ಲ ಹಿಂದಿನ ರಸ್ತೆ ಕಡೆಗೆ ಹೋಗೈತೆ. ಅಲ್ಲಿ ಎರಡು ಕೊಂಬೆ ಅವೆ, ಮಹಡಿ ಎತ್ತರಕ್ಕೆ, ತೊಡೆ ದಪ್ಪ. ಅವೆರಡನ್ನ ತೆಗೆದ್ರೆ ಮರ ನಿಲ್ತದೆ. ಬಿಟ್ರೆ ಒಂದಲ್ಲ ಒಂದು ದಿನ ದೊಡ್ಡ ಗಾಳಿಗೆ ಕವಲಲ್ಲಿ ಸೀಳ್ಬೋದು. ಅದು ನಮ್ಮ ತಪ್ಪಿಂದಾನೇ ಆಗಿರೋದು."

"ಅವೆರಡರಲ್ಲಿ ಕಾಯಿ ಇದೆಯಾ?"

"ತುಂಬ ಐತೆ."

ನಮ್ಮ ಒಂದು ತಪ್ಪು ಸುತ್ತಿಗೆ ಈ ಮರ ಇನ್ನೂ ಎರಡು ಕೊಂಬೆ ಕೊಡಬೇಕಾಗಿತ್ತು, ಅದಕ್ಕೆ ಸಮಾಧಾನದ ಮಾತು ನನ್ನ ಹತ್ತಿರ ಇರಲಿಲ್ಲ. ಕೊನೆಗೆ ಆಕೆಯೇ, "ಒಂದನ್ನ ಇವತ್ತು ತೆಗೀರಿ. ಇನ್ನೊಂದು, ಕಾಯಿ ಕಿತ್ತ ಮೇಲೆ. ಅಲ್ಲೀತನಕ ತಡೆಯುತ್ತಾ?" ಅಂದರು.

"ಒಂದು ತೆಗೆದ್ರೆ ತಡೀತದೆ ಅಮ್ಮ."

"ಹಾಗಾದ್ರೆ ಇನ್ನೊಂದಕ್ಕೆ ಈಗಲೇ ಬುಕ್ ಮಾಡ್ತೀನಿ," ಎಂದು ಸೊಂಟದ ಚೀಲದಿಂದ ಫೋನ್ ತೆಗೆದರು. ಬೇಡಮ್ಮ, ನಾನೇ ಬರ್ಕೊಳ್ತೀನಿ ಅಂದೆ, ಅಭ್ಯಾಸ ಹೋಗಿರಲಿಲ್ಲ. ಅವರು ಸುಮ್ಮನಿರಿ ಎಂಬಂತೆ ಕೈ ಎತ್ತಿ, ಫೋನಿನ ಧ್ವನಿಯನ್ನು ಪೂರ್ತಿ ಏರಿಸಿದರು.

ಮರದ ಕೆಳಗೆ ನಿಂತೇ ಫಾರಂ ತುಂಬಿದರು. ಬೆರಳಿಟ್ಟ ಕಡೆಯೆಲ್ಲ ಫೋನ್ ಹಿತ್ತಲು ತುಂಬ ಕೇಳುವ ಹಾಗೆ ಓದಿತು. ಕೊಂಬೆ ಚಾಚಿರುವುದು: ಹಿಂದಿನ ರಸ್ತೆ ಕಡೆಗೆ. ಎತ್ತರ: ಮಹಡಿಯಷ್ಟು. ದಪ್ಪ: ತೊಡೆಯಷ್ಟು. ಫಾರಂ ತುಂಬುತ್ತಿರುವವರು: ಮರದ ಮನೆಯವರೇ. ಪಕ್ಕದ ಮನೆಯವರು ಕಾಂಪೌಂಡಿನ ಮೇಲೆ ಕೈಯಿಟ್ಟುಕೊಂಡು ಪೂರ್ತಿ ಕೇಳಿಸಿಕೊಂಡರು. ಕೊನೆಯ ಖಾಲಿ ಜಾಗಕ್ಕೆ ಬಂದಾಗ ಆಕೆ ಫೋನನ್ನು ಬಾಯಿಯ ಹತ್ತಿರ ಹಿಡಿದು ಮೆಲ್ಲಗೆ ಏನೋ ಹೇಳಿದರು, ಅದು ನನಗೆ ಕೇಳಿಸಲಿಲ್ಲ. ಕಳಿಸಲಾಗಿದೆ, ಅಂದಿತು ಫೋನ್.

ನನ್ನ ಕೈಯಲ್ಲಿದ್ದ ಫೋನ್ ಸದ್ದು ಮಾಡಿತು. ಬೇರೇನಾದರೂ ಹೇಳುವುದಿದೆಯೇ ಎಂದು ನಾನು ಕೇಳಿದ್ದ ಕಡೆ ಹೀಗಿತ್ತು: ಕೈಗೆ ಸಿಗುತ್ತಿದ್ದ ಕೊಂಬೆ ಹೋಯಿತು. ಇನ್ನು ಈ ಮರದಲ್ಲಿ ನನಗೆ ಎಟುಕುವುದು ಯಾವುದೂ ಇಲ್ಲ. ಎಟುಕದಿದ್ದರೂ ಇದು ನನ್ನ ಮರ. ನನ್ನನ್ನು ಕೇಳಿ ಮುಟ್ಟಿ.

ಮೇಲಿದ್ದ ಯಜಮಾನರಿಗೆ ಕೇಳುವ ಹಾಗೆ ಅದನ್ನು ಗಟ್ಟಿಯಾಗಿ ಓದಿದೆ. ಪಕ್ಕದ ಮನೆಯವರಿಗೂ ಕೇಳಿಸಿತು.